ಕುಡಿಯದವರಿಗೂ ಸಿರೋಸಿಸ್ ಬರುವುದು ಹೇಗೆ?

ಕೊಡಗಿನಲ್ಲಿ ಯಾರದ್ದಾದರೂ ಲಿವರ್ ಕೆಟ್ಟಿದೆ ಎಂಬ ಸುದ್ದಿ ಬಂದರೆ, ಕೇಳಿದವರ ಬಾಯಿಂದ ಮೊದಲು ಹೊರಡುವ ಮಾತು "ಕುಡೀತಿದ್ರಾ?" ಎಂಬುದು. ಹೌದೆಂದರೆ ಮಾತು ಅಲ್ಲಿಗೇ ಮುಗಿಯಿತು. ಇಲ್ಲವೆಂದರೆ ನಂಬುವವರು ಕಡಿಮೆ.

ಈ ಒಂದು ಪ್ರಶ್ನೆಯಿಂದ ಎರಡೂ ಕಡೆಯವರಿಗೆ ನಷ್ಟ. ಕುಡಿಯುವವರು ನಾಚಿಕೆಪಟ್ಟು ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡುತ್ತಾರೆ, ಹೋದರೂ ಲೆಕ್ಕ ಅರ್ಧ ಹೇಳುತ್ತಾರೆ. ಕುಡಿಯದವರು ತಮಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲವೆಂದು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಲಿವರ್ ನಾರುಗಟ್ಟಿ ಗಂಟುಗಂಟಾಗುವ ಸಿರೋಸಿಸ್‌ಗೆ ಮದ್ಯ ದೊಡ್ಡ ಕಾರಣ, ಅದರಲ್ಲಿ ಅನುಮಾನವಿಲ್ಲ. ಆದರೆ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಕೆಲವು ಔಷಧಿಗಳು, ಹುಟ್ಟಿನಿಂದ ಬಂದ ಕೆಲವು ದೋಷಗಳು ಕೂಡ ಲಿವರನ್ನು ಇದೇ ಸ್ಥಿತಿಗೆ ತರುತ್ತವೆ. ಒಬ್ಬರಲ್ಲೇ ಎರಡು ಮೂರು ಕಾರಣ ಜೊತೆಗೂಡಿದರೆ ಇನ್ನೂ ಬೇಗ ತರುತ್ತವೆ. ಸಿರೋಸಿಸ್ ಹೆಚ್ಚಿನ ಸಲ ಇಂಥದೊಂದು ಕೂಡುಲೆಕ್ಕ. ಬಾಟಲಿ ಆ ಲೆಕ್ಕದ ಒಂದು ಸಾಲು ಮಾತ್ರ.

ಲಿವರಿನೊಳಗೆ ಆಗುವುದೇನು?

ಬಲಗಡೆ ಪಕ್ಕೆಲುಬಿನ ಅಡಿಯಲ್ಲಿರುವ ಲಿವರ್ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಹೊಟ್ಟೆ ಮತ್ತು ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಪೋರ್ಟಲ್ ಸಿರೆಯ ಮೂಲಕ ಮೊದಲು ಇಲ್ಲಿಗೆ ಬರುತ್ತದೆ. ಲಿವರಿಗೆ ಸಿಗುವ ರಕ್ತದ ಮುಕ್ಕಾಲು ಪಾಲು ಈ ದಾರಿಯದೇ. ನಾವು ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ ಎಲ್ಲವನ್ನೂ ಮೊದಲು ಎದುರಿಸುವ ಅಂಗ ಇದಾದ್ದರಿಂದ ಪೆಟ್ಟು ತಿನ್ನುವುದೂ ಇದೇ ಹೆಚ್ಚು. ಚೇತರಿಸಿಕೊಳ್ಳುವ ಶಕ್ತಿಯೂ ಅದಕ್ಕೆ ತಕ್ಕಷ್ಟಿದೆ. ಜೀವಂತ ದಾನಿಯ ಲಿವರಿನಿಂದ ಅರ್ಧಕ್ಕೂ ಹೆಚ್ಚು ಭಾಗ ಕತ್ತರಿಸಿ ಬೇರೆಯವರಿಗೆ ಕಸಿ ಮಾಡಿದರೂ, ಉಳಿದ ಭಾಗ ಕೆಲವೇ ತಿಂಗಳಲ್ಲಿ ಹೆಚ್ಚು ಕಡಿಮೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ.

ಒಂದೇ ಸಲದ ಪೆಟ್ಟಾದರೆ ಲಿವರ್ ಹೀಗೆ ಸುಧಾರಿಸಿಕೊಂಡೀತು. ವರ್ಷಗಟ್ಟಲೆ ದಿನವೂ ಪೆಟ್ಟು ಬಿದ್ದರೆ ಆಗುವುದೇ ಬೇರೆ. ಲಿವರಿನಲ್ಲಿ ಸ್ಟೆಲೇಟ್ ಕೋಶಗಳೆಂಬ ಪುಟ್ಟ ಕೋಶಗಳಿವೆ. ಆರೋಗ್ಯ ಸರಿಯಿದ್ದಾಗ ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿರುವುದೇ ಇವುಗಳ ಕೆಲಸ. ಸುತ್ತಲಿನ ಕೋಶಗಳು ಮತ್ತೆ ಮತ್ತೆ ಸಾಯತೊಡಗಿದರೆ ಇವು ಸ್ವಭಾವ ಬದಲಿಸಿ, ಕೊಲಾಜೆನ್ ಎಂಬ ಗಟ್ಟಿ ನಾರನ್ನು ಹೆಣೆಯತೊಡಗುತ್ತವೆ. ಇದೇ ಫೈಬ್ರೋಸಿಸ್. ವೈದ್ಯರು ಇದನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುತ್ತಾರೆ. ಎಫ್4 ಎಂದರೆ ಸಿರೋಸಿಸ್: ನಾರಿನ ಪಟ್ಟಿಗಳು ಇಡೀ ಲಿವರನ್ನು ಸೀಳಿಕೊಂಡು ಹಬ್ಬಿರುತ್ತವೆ, ನಡುವೆ ಉಳಿದ ಕೋಶಗಳು ಗಂಟುಗಂಟಾಗಿ ಬೆಳೆದಿರುತ್ತವೆ. ಮೊದಲ ಪೆಟ್ಟಿನಿಂದ ಇಲ್ಲಿಗೆ ಬರಲು ಸಾಮಾನ್ಯವಾಗಿ ಹತ್ತರಿಂದ ಮೂವತ್ತು ವರ್ಷ ಹಿಡಿಯುತ್ತದೆ.

ಗಟ್ಟಿಯಾದ ಲಿವರಿನೊಳಗೆ ಪೋರ್ಟಲ್ ಸಿರೆಯ ರಕ್ತ ಸಲೀಸಾಗಿ ಹರಿಯದು. ಆಷಾಢದ ಮಳೆಗೆ ಬರೆ ಜರಿದು ತೋಡು ಕಟ್ಟಿಕೊಂಡರೆ ನೀರು ನಿಲ್ಲುತ್ತದೆಯೇ? ಏರಿ ಮೀರಿ ಸಿಕ್ಕ ಸಿಕ್ಕ ಗದ್ದೆಗೆ ನುಗ್ಗುತ್ತದೆ. ರಕ್ತವೂ ಹಾಗೆಯೇ ಅನ್ನನಾಳದ ಸುತ್ತಲಿನ ತೆಳು ಸಿರೆಗಳಿಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಅವು ಒಡೆದಾಗಲೇ ರಕ್ತವಾಂತಿ. ಹಿಂದೆ ಸರಿದ ಒತ್ತಡಕ್ಕೆ ಗುಲ್ಮ ದೊಡ್ಡದಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಲಿವರ್ ಶುದ್ಧ ಮಾಡಬೇಕಾದ ಅಮೋನಿಯದಂಥ ವಸ್ತುಗಳು ಮೆದುಳಿಗೆ ತಲುಪಿ ಹಗಲು ತೂಕಡಿಕೆ, ರಾತ್ರಿ ನಿದ್ದೆಗೇಡು, ಮಾತಿನಲ್ಲಿ ಗೊಂದಲ ಶುರುವಾಗುತ್ತದೆ.

ಇದೆಲ್ಲ ಕಾಣಿಸಿಕೊಳ್ಳುವುದು ಕೊನೆಗೆ. ಅದಕ್ಕೂ ಮೊದಲು ಎಷ್ಟೋ ವರ್ಷ ಸಿರೋಸಿಸ್ ಇದ್ದೂ ಏನೂ ಗೊತ್ತಾಗದ ಅವಧಿ ಇರುತ್ತದೆ. ಉಳಿದ ಒಳ್ಳೆಯ ಕೋಶಗಳೇ ಕೆಲಸ ನಿಭಾಯಿಸಿಕೊಂಡು ಹೋಗುತ್ತವೆ. ನೋವಿಲ್ಲ, ಕಾಮಾಲೆಯಿಲ್ಲ, ಹೆಚ್ಚೆಂದರೆ ಸ್ವಲ್ಪ ಸುಸ್ತು. "ನನಗೇನೂ ಆಗಿಲ್ಲ, ಚೆನ್ನಾಗಿಯೇ ಇದ್ದೇನೆ" ಎಂಬ ಮಾತಿಗೆ ಈ ಕಾಯಿಲೆಯ ಮುಂದೆ ಬೆಲೆಯಿಲ್ಲದಿರುವುದು ಇದರಿಂದಲೇ.

ಬ್ರ್ಯಾಂಡ್ ಬಿಡಿ, ಗ್ರಾಂ ಲೆಕ್ಕ ಹಾಕಿ

ಕೊಡಗಿನಲ್ಲಿ ಮದ್ಯ ಮುಚ್ಚಿಟ್ಟುಕೊಳ್ಳುವ ವಸ್ತುವಲ್ಲ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳು, ಮದುವೆ ಎಲ್ಲದಕ್ಕೂ ಅದು ಬೇಕು. ಕಾರಣರಿಗೆ (ಗತಿಸಿದ ಹಿರಿಯರಿಗೆ) ಎಡೆ ಇಡುವಾಗಲೂ ಅದಕ್ಕೊಂದು ಜಾಗವಿದೆ. ಸೇನೆಯಿಂದ ನಿವೃತ್ತರಾದವರು ತುಂಬಿರುವ ಜಿಲ್ಲೆ ಬೇರೆ, ಹಾಗಾಗಿ ಕ್ಯಾಂಟೀನ್ ರಮ್ ಎಷ್ಟೋ ಮನೆಗಳಲ್ಲಿ ದಿನಸಿಯಷ್ಟೇ ಸಹಜ. ಕದ್ದು ಕುಡಿಯುವ ಊರುಗಳಿಗಿಂತ ಇದು ಒಂದು ಲೆಕ್ಕಕ್ಕೆ ವಾಸಿ ಎಂದೇ ನನಗನಿಸುತ್ತದೆ. ಎಷ್ಟು ಕುಡಿಯುತ್ತೀರಿ ಎಂದು ಕೇಳಿದರೆ ಉತ್ತರ ಸಿಗುತ್ತದೆ. ತೊಂದರೆ ಇರುವುದು ಆ ಉತ್ತರ ಬ್ರ್ಯಾಂಡಿನ ಹೆಸರಿನಲ್ಲಿ ಬರುವುದರಲ್ಲಿ. "ಒಳ್ಳೇ ಮಾಲು ಕುಡಿದರೆ ಏನೂ ಆಗಲ್ಲ" ಎಂಬ ನಂಬಿಕೆ ತೋಟದ ಮಾಲೀಕರಲ್ಲೂ ಇದೆ, ಕಾರ್ಮಿಕರ ಲೈನ್ ಮನೆಯಲ್ಲೂ ಇದೆ.

ಲಿವರಿಗೆ ತಲುಪುವುದು ಎಥನಾಲ್ ಎಂಬ ಒಂದೇ ವಸ್ತು. ಅದನ್ನು ಒಡೆಯುವಾಗ ಅಸಿಟಾಲ್ಡಿಹೈಡ್ ಹುಟ್ಟುತ್ತದೆ, ಕೋಶಗಳನ್ನು ಹಾಳು ಮಾಡುವುದು ಮುಖ್ಯವಾಗಿ ಇದು. ಹನ್ನೆರಡು ವರ್ಷ ಪೀಪಾಯಿಯಲ್ಲಿದ್ದ ವಿಸ್ಕಿಯಿಂದಲೂ ಅದೇ ಹುಟ್ಟುತ್ತದೆ, ತೊಂಬತ್ತು ಮಿಲಿಯ ಟೆಟ್ರಾ ಪ್ಯಾಕಿನಿಂದಲೂ ಅದೇ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯ ಮೇಲೆ ಶೇ. 42.8 ಎಂದು ಬರೆದಿರುತ್ತದೆ. ಆ ಲೆಕ್ಕದಲ್ಲಿ 30 ಮಿಲಿಯ ಒಂದು ಸ್ಮಾಲ್‌ನಲ್ಲಿ 10 ಗ್ರಾಂ ಆಲ್ಕೋಹಾಲ್, ಲಾರ್ಜ್‌ನಲ್ಲಿ 20, ನೈಂಟಿಯಲ್ಲಿ 30, ಕ್ವಾರ್ಟರ್‌ನಲ್ಲಿ 60 ಗ್ರಾಂ. 650 ಮಿಲಿಯ ಮಾಮೂಲಿ ಬಿಯರ್ ಬಾಟಲಿಯಲ್ಲಿ ಸುಮಾರು 26 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ 41 ಗ್ರಾಂ, ಅಂದರೆ ಎರಡು ಲಾರ್ಜ್‌ಗೆ ಸಮ. "ನಾನು ಬಿಯರ್ ಮಾತ್ರ" ಎನ್ನುವವರು ಇದನ್ನೊಮ್ಮೆ ಗಮನಿಸಬೇಕು.

ಮನೆ ವೈನಿನ ಕಥೆಯೂ ಇದೇ. ದ್ರಾಕ್ಷಿ, ನೆಲ್ಲಿಕಾಯಿ, ಗಾಂಧಾರಿ ಮೆಣಸು, ವೀಳ್ಯದೆಲೆ ಎಂದು ಕೊಡಗಿನಲ್ಲಿ ವೈನ್ ಮಾಡದ ವಸ್ತುವೇ ಉಳಿದಿಲ್ಲ. ರುಚಿ ಸಿಹಿ, ಹೆಸರು ಹಣ್ಣಿನದು, ಹಾಗಾಗಿ ಜ್ಯೂಸಿನ ಸಾಲಿಗೆ ಸೇರಿಸಿಬಿಡುತ್ತೇವೆ. ಶೇ. 12ರ ವೈನ್ ಆದರೆ 150 ಮಿಲಿಯ ಗ್ಲಾಸಿನಲ್ಲಿ 14 ಗ್ರಾಂ ಆಲ್ಕೋಹಾಲ್ ಇರುತ್ತದೆ. ಮನೆಯಲ್ಲಿ ಮಾಡಿದ್ದರ ಪ್ರಮಾಣ ಎಷ್ಟೆಂದು ಅಳೆದವರು ಯಾರು?

ದಿನಕ್ಕೆ ಸರಾಸರಿ 30 ಗ್ರಾಂ ದಾಟಿದರೆ ಸಿರೋಸಿಸ್ ಅಪಾಯ ಸ್ಪಷ್ಟವಾಗಿ ಏರುತ್ತದೆ. ಹೆಂಗಸರಲ್ಲಿ ಇದಕ್ಕಿಂತ ಕಡಿಮೆಯಲ್ಲೇ ಏರುತ್ತದೆ. ಅವರ ದೇಹದಲ್ಲಿ ನೀರಿನ ಅಂಶ ಕಡಿಮೆ, ಅಷ್ಟೇ ಕುಡಿದರೂ ರಕ್ತದಲ್ಲಿ ಆಲ್ಕೋಹಾಲ್ ಪ್ರಮಾಣ ಹೆಚ್ಚು. ಹೆಂಗಸರೂ ಎಲ್ಲರ ಜೊತೆ ಕೂತು ಒಂದು ಗ್ಲಾಸ್ ತೆಗೆದುಕೊಳ್ಳುವ ಕುಟುಂಬಗಳಲ್ಲಿ ಈ ವ್ಯತ್ಯಾಸ ಗೊತ್ತಿರಬೇಕು. 30 ಗ್ರಾಮಿನ ಒಳಗಿದ್ದರೆ ಕ್ಷೇಮ ಎಂದೂ ತಿಳಿಯಬೇಕಿಲ್ಲ. ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಇಷ್ಟು ಹೇಳಿದ ಕೂಡಲೇ ಯಾರಾದರೊಬ್ಬರು ದಿನಾ ಕುಡಿದೂ ತೊಂಬತ್ತು ದಾಟಿದ ತಾತನ ಉದಾಹರಣೆ ಕೊಡುತ್ತಾರೆ. ತಾತನ ಮಾತು ಸುಳ್ಳಲ್ಲ. ಹೆಚ್ಚು ಕುಡಿಯುವ ಬಹುತೇಕ ಎಲ್ಲರ ಲಿವರಿನಲ್ಲೂ ಕೊಬ್ಬು ತುಂಬುತ್ತದೆ, ಆದರೆ ಸಿರೋಸಿಸ್ ತನಕ ಹೋಗುವವರು ಅವರಲ್ಲಿ ಶೇ. 10ರಿಂದ 20ರಷ್ಟು ಮಾತ್ರ. ಯಾರು ಹೋಗುತ್ತಾರೆ ಎಂಬುದನ್ನು ವಂಶವಾಹಿ, ತೂಕ, ಸಕ್ಕರೆ ಕಾಯಿಲೆ, ವೈರಸ್, ಊಟ ಇವು ನಿರ್ಧರಿಸುತ್ತವೆ. ಪಿಎನ್‌ಪಿಎಲ್‌ಎ3 ಎಂಬ ಜೀನಿನ ಒಂದು ಬಗೆ ಇದ್ದವರಲ್ಲಿ ಕೊಬ್ಬೂ ನಾರೂ ಬೇಗ ಕೂಡುತ್ತವೆ, ಅದು ಭಾರತೀಯರಲ್ಲಿ ಅಪರೂಪವೇನಲ್ಲ. ಕೆಲಸ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಒಂದು ನೈಂಟಿ ಹಾಕಿ, ಸರಿಯಾಗಿ ಊಟವನ್ನೂ ಮಾಡದೆ ಮಲಗುವ ತೋಟದ ಕಾರ್ಮಿಕರಿಗೆ ಪೌಷ್ಟಿಕತೆಯ ಕೊರತೆ ಇನ್ನೊಂದು ಹೊರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಗ್ರಾಂ ಲೆಕ್ಕದಲ್ಲಿ ನೋಡಿದರೆ, ಸಾರಾಯಿ ಬಿಟ್ಟು ಅಷ್ಟೇ ಆಲ್ಕೋಹಾಲನ್ನು ಬೇರೆ ಪ್ಯಾಕಿನಲ್ಲಿ ಕುಡಿದವರ ಲಿವರಿಗೆ ಏನೂ ಬದಲಾಗಲಿಲ್ಲ.

ಮಳೆಗಾಲದ ಚಳಿಗೆ ಪೆಗ್ ಬೇಕೇ ಬೇಕು ಎಂಬ ವಾದವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗೆನಿಸುತ್ತದೆ. ನಿಜಕ್ಕೂ ಮೈಯ ಶಾಖ ಹೊರಹೋಗುತ್ತಿರುತ್ತದೆ.

ಬಿಟ್ಟರೆ ಲಾಭವಿದೆಯೇ? ಇದೆ, ಯಾವ ಹಂತದಲ್ಲಿ ಬಿಟ್ಟರೂ ಇದೆ. ಕೊಬ್ಬು ಮಾತ್ರ ತುಂಬಿದ ಲಿವರ್ ಕೆಲವೇ ವಾರಗಳಲ್ಲಿ ತಿಳಿಯಾಗುತ್ತದೆ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಹಠಕ್ಕೆ ಬಿದ್ದು ಒಂದೇ ದಿನ ತಾವಾಗಿಯೇ ನಿಲ್ಲಿಸಬಾರದು. ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ಸಹಾಯದಿಂದ ಬಿಡಬೇಕು.

ಬೆಲ್ಲದ ಕಾಫಿ, ಅಕ್ಕಿ ರೊಟ್ಟಿ, ಸೊಂಟದ ಸುತ್ತಳತೆ

ಮದ್ಯ ಮುಟ್ಟದವರಲ್ಲಿ ಈಗ ವೇಗವಾಗಿ ಹೆಚ್ಚುತ್ತಿರುವ ಕಾರಣ ಫ್ಯಾಟಿ ಲಿವರ್. ಭಾರತದ ವಯಸ್ಕರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರ ಲಿವರಿನಲ್ಲಿ ಅತಿಯಾದ ಕೊಬ್ಬಿದೆ ಎಂದು ಅಧ್ಯಯನಗಳು ಹೇಳುತ್ತವೆ. 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ಹೀಗೆ ಕೊಬ್ಬು ಇರುವ ಎಲ್ಲರಿಗೂ ಸಿರೋಸಿಸ್ ಆಗುವುದಿಲ್ಲ, ಸಣ್ಣ ಪಾಲಿಗೆ ಮಾತ್ರ ಆಗುತ್ತದೆ. ಆದರೆ ಮೂವರಲ್ಲಿ ಒಬ್ಬರೆಂಬ ಗುಂಪಿನ ಸಣ್ಣ ಪಾಲೂ ದೊಡ್ಡ ಸಂಖ್ಯೆಯೇ.

ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದೇ ಇದರ ಮೂಲ. ಮೈಗೆ ಬೇಡವಾದ ಸಕ್ಕರೆ, ಪಿಷ್ಟವನ್ನು ಲಿವರ್ ಕೊಬ್ಬಾಗಿ ಪರಿವರ್ತಿಸಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಕೆಲವರಲ್ಲಿ ಆ ಕೊಬ್ಬು ಉರಿಯೂತ ಎಬ್ಬಿಸುತ್ತದೆ, ಆಮೇಲೆ ಸ್ಟೆಲೇಟ್ ಕೋಶಗಳ ಅದೇ ಹೆಣಿಗೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ದಾರಿ ಬೇಗ ಸವೆಯುತ್ತದೆ.

ಕೊಡಗಿನಲ್ಲಿ ಆರೋಪ ಹೊರುವುದು ಯಾವಾಗಲೂ ಪಂದಿ ಕರಿ. ನನಗೆ ಅದರ ಮೇಲೆ ಅಷ್ಟು ಸಿಟ್ಟಿಲ್ಲ. ಹಂದಿ ಮಾಂಸದ ಕೊಬ್ಬು ಮಿತಿಯಲ್ಲಿರಬೇಕು, ನಿಜ. ಆದರೆ ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿಯದೇ ಕಡಂಬುಟ್ಟು ಅಥವಾ ನೂಲ್‌ಪುಟ್ಟು, ನಡುನಡುವೆ ಬೆಲ್ಲ ಹಾಕಿದ ಕಾಫಿ ನಾಲ್ಕೈದು ಸಲ ಎಂದಾದಾಗ ಲಿವರಿಗೆ ಹೋಗುವ ಪಿಷ್ಟ ಮತ್ತು ಸಕ್ಕರೆಯನ್ನು ಯಾರೂ ಎಣಿಸುವುದಿಲ್ಲ. ಗುಡ್ಡ ಹತ್ತಿಳಿದು ತೋಟ ಸುತ್ತುತ್ತಿದ್ದ ತಲೆಮಾರಿಗೆ ಈ ಊಟ ಹೊಂದುತ್ತಿತ್ತು. ಈಗ ತೋಟದ ಗೇಟಿನ ತನಕ ಜೀಪು, ಪೇಟೆಗೆ ಸ್ಕೂಟರು. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಎಂಬ ಸಮಾಧಾನವನ್ನೂ ಲಿವರ್ ಒಪ್ಪುವುದಿಲ್ಲ, ಬೆಲ್ಲದ ಬಹುಭಾಗ ಸಕ್ಕರೆಯೇ.

ತೆಳ್ಳಗಿದ್ದೇನೆ ಎಂಬುದೂ ಪೂರ್ತಿ ರಕ್ಷಣೆಯಲ್ಲ. ಕೈಕಾಲು ಸಣ್ಣ, ಹೊಟ್ಟೆ ಮುಂದೆ, ಇದು ನಮ್ಮ ಜನರ ಮೈಕಟ್ಟು. ಹಾಗಾಗಿಯೇ ಭಾರತೀಯರಿಗೆ ಅಳತೆಗೋಲು ಬೇರೆ: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗಿರಬೇಕು. ಮೈತೂಕದ ಶೇ. 5ರಷ್ಟು ಇಳಿದರೆ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ, 10ರಷ್ಟು ಇಳಿದರೆ ಎಷ್ಟೋ ಜನರಲ್ಲಿ ನಾರೂ ಕರಗತೊಡಗುತ್ತದೆ. ಎಂಬತ್ತು ಕಿಲೋದವರಿಗೆ ಅದು ಎಂಟು ಕಿಲೋ.

ಕಾಮಾಲೆ ಒಂದೇ ಕಾಯಿಲೆಯಲ್ಲ

ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಕಾಮಾಲೆಗೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ ವೈರಸ್ ಕಾರಣ. ಬಹುಮಂದಿಯಲ್ಲಿ ಇದು ತಾನಾಗಿಯೇ ವಾಸಿಯಾಗುತ್ತದೆ, ಸಿರೋಸಿಸ್ ತರುವುದಿಲ್ಲ. (ಗರ್ಭಿಣಿಯರಿಗೆ ಇ ವೈರಸ್ ಬಹಳ ಅಪಾಯ, ಅದು ಬೇರೆ ವಿಷಯ.) ತಾನಾಗಿಯೇ ವಾಸಿಯಾಗುವ ಕಾಯಿಲೆಗೆ ಕೊಟ್ಟ ನಾಟಿ ಮದ್ದಿಗೆಲ್ಲ ಒಳ್ಳೆಯ ಹೆಸರು ಬರುತ್ತದೆ. ಆಮೇಲೆ ಸಿರೋಸಿಸ್‌ನಿಂದ ಕಣ್ಣು ಹಳದಿಯಾದವರೂ ಅದೇ ಮದ್ದು ಕುಡಿಯುತ್ತಾ ತಿಂಗಳುಗಳನ್ನು ಕಳೆಯುತ್ತಾರೆ. ಅಲ್ಲಿಗೆ ಚಿಕಿತ್ಸೆ ಸಿಗಬಹುದಾಗಿದ್ದ ಸಮಯ ಹೋಯಿತು.

ಸಿರೋಸಿಸ್ ತರುವ ವೈರಸ್‌ಗಳು ಬಿ ಮತ್ತು ಸಿ. ಇವು ನೀರಿನಿಂದ ಬರುವುದಿಲ್ಲ. ರಕ್ತ, ಅಸುರಕ್ಷಿತ ಸೂಜಿ, ಹಂಚಿಕೊಂಡ ಬ್ಲೇಡು, ಶುಚಿಯಿಲ್ಲದ ಹಚ್ಚೆ ಸೂಜಿ, ಲೈಂಗಿಕ ಸಂಪರ್ಕ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ, ಇವು ಅವುಗಳ ದಾರಿ. ಹೆಪಟೈಟಿಸ್ ಬಿ ತಗುಲಿದ ವಯಸ್ಸು ಇಲ್ಲಿ ತುಂಬ ಮುಖ್ಯ. ದೊಡ್ಡವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿ ಅದನ್ನು ಹೊರಹಾಕುತ್ತಾರೆ. ಹುಟ್ಟುವಾಗಲೇ ತಗುಲಿದರೆ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ಖಾಯಂ ಉಳಿಯುತ್ತದೆ, ನಲವತ್ತರ ಹೊತ್ತಿಗೆ ಲಿವರ್ ಗಂಟುಗಟ್ಟಬಹುದು. ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಕೊಡಬೇಕೆಂದು ಒತ್ತಾಯಿಸುವುದು ಇದಕ್ಕೇ. ಈ ಲಸಿಕೆ ದೇಶದ ಎಲ್ಲ ರಾಜ್ಯಗಳ ಉಚಿತ ಕಾರ್ಯಕ್ರಮಕ್ಕೆ ಬಂದದ್ದು 2011ರ ಹೊತ್ತಿಗೆ. ಅದಕ್ಕೂ ಹಿಂದೆ ಹುಟ್ಟಿದ ನಮ್ಮಲ್ಲಿ ಹೆಚ್ಚಿನವರು ಅದನ್ನು ತೆಗೆದುಕೊಂಡಿರಲಾರೆವು.

ಹೆಪಟೈಟಿಸ್ ಸಿ ದೊಡ್ಡವರಲ್ಲೂ ಉಳಿದುಬಿಡುವ ಸಂಭವ ಹೆಚ್ಚು. ಆದರೆ ಈಗ ಅದಕ್ಕೆ ಮಾತ್ರೆಗಳಿವೆ. ಸಾಮಾನ್ಯವಾಗಿ 12 ವಾರ ತಿಂದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಪೂರ್ತಿ ವಾಸಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಬಿ ವೈರಸನ್ನು ಬೇರುಸಮೇತ ಕೀಳಲಾಗದಿದ್ದರೂ ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿಡಬಹುದು.

ಕಾಚಂಪುಳಿಯ ಹಣ್ಣು, ಕ್ಯಾಪ್ಸೂಲಿನ ಅವತಾರ

ಪಂದಿ ಕರಿಗೆ ಕಪ್ಪು ಬಣ್ಣ, ಹುಳಿ ಕೊಡುವ ಕಾಚಂಪುಳಿ ಯಾವ ಹಣ್ಣಿನದೋ, ಅದೇ ಗಾರ್ಸೀನಿಯ ಹಣ್ಣಿನ ಸಿಪ್ಪೆಯ ಸಾರವನ್ನು ತೂಕ ಇಳಿಸುವ ಕ್ಯಾಪ್ಸೂಲಾಗಿ ಜಗತ್ತಿನಾದ್ಯಂತ ಮಾರುತ್ತಾರೆ. ಅಡುಗೆಗೆ ಹಾಕುವ ಚಮಚದಷ್ಟು ಕಾಚಂಪುಳಿಗೆ ಹೆದರಬೇಕಿಲ್ಲ. ಸಾಂದ್ರೀಕರಿಸಿದ ಕ್ಯಾಪ್ಸೂಲ್ ತಿಂದು ಲಿವರಿಗೆ ತೀವ್ರ ಪೆಟ್ಟಾದ ಪ್ರಕರಣಗಳು ಮಾತ್ರ ವೈದ್ಯಕೀಯ ಸಾಹಿತ್ಯದಲ್ಲಿ ಹಲವಿವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ತಿಂಗಳುಗಟ್ಟಲೆ ಕುಡಿದವರಲ್ಲಿ ಕೆಲವರಿಗೆ ಲಿವರ್ ಉರಿಯೂತವಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯ ಎಂದಾಗದು. ಇಂಗ್ಲಿಷ್ ಮದ್ದಿನಲ್ಲೂ ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ದೀರ್ಘಕಾಲ ತಿನ್ನುವವರು ಲಿವರ್ ಪರೀಕ್ಷೆ ತಪ್ಪಿಸಬಾರದು.

ಅಪರೂಪದ ಕಾರಣಗಳು ಇನ್ನೂ ಇವೆ. ದೇಹದ ರಕ್ಷಣಾ ವ್ಯವಸ್ಥೆಯೇ ಲಿವರನ್ನೋ ಪಿತ್ತನಾಳಗಳನ್ನೋ ಶತ್ರುವೆಂದು ಭಾವಿಸುವ ಕಾಯಿಲೆಗಳು ಹೆಂಗಸರಲ್ಲಿ ಹೆಚ್ಚು. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ಹೊರಹೋಗದೆ ಲಿವರಿನಲ್ಲೂ ಮೆದುಳಿನಲ್ಲೂ ಕೂಡುತ್ತದೆ. ಹದಿಹರೆಯದವರಲ್ಲಿ ಸಿರೋಸಿಸ್ ಕಂಡರೆ ಇದನ್ನು ಹುಡುಕಲೇಬೇಕು; ಒಬ್ಬರಿಗಿದ್ದರೆ ಒಡಹುಟ್ಟಿದವರಿಗೂ ಪರೀಕ್ಷೆ ಬೇಕು, ಏಕೆಂದರೆ ಬೇಗ ಸಿಕ್ಕರೆ ಔಷಧಿಯಿದೆ. ತಾಮ್ರದ ಮಾತು ಬಂದಾಗ ಹಳಬರಿಗೆ ಇನ್ನೊಂದು ನೆನಪಾದೀತು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು ಕುಡಿದ ಎಳೆ ಮಕ್ಕಳಲ್ಲಿ ಕಾಣಿಸುತ್ತಿದ್ದ, ಮಾರಕವಾದ ಒಂದು ಬಗೆಯ ಸಿರೋಸಿಸ್ ಭಾರತದಲ್ಲಿತ್ತು. ಸ್ಟೀಲ್ ಪಾತ್ರೆ ಬಂದ ಮೇಲೆ ಅದು ಬಹುಮಟ್ಟಿಗೆ ಮಾಯವಾಯಿತು.

ಕೂಡುಲೆಕ್ಕ, ಒಂದಿಷ್ಟು ಕಳೆಯುವ ಲೆಕ್ಕ

ದಿನಕ್ಕೊಂದು ಲಾರ್ಜ್, ಜೊತೆಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ, 100 ಸೆಂಟಿಮೀಟರ್ ಸೊಂಟ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಭೀಕರವೆನಿಸದು. ಮೂರೂ ಒಂದೇ ಲಿವರಿನ ಮೇಲೆ ಬಿದ್ದಾಗ ಅಪಾಯ ಬರೀ ಕೂಡುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹೆಪಟೈಟಿಸ್ ಬಿ ಇದ್ದವರು ಕುಡಿದರೂ ಹಾಗೆಯೇ. ಮದ್ಯ ಕಾರಣವೋ ಬೊಜ್ಜು ಕಾರಣವೋ ಎಂಬ ಮನೆಯವರ ಜಗಳಕ್ಕೆ ಅರ್ಥವಿಲ್ಲದಿರುವುದು ಇದರಿಂದ. ಎಷ್ಟೋ ಸಲ ಎರಡೂ ಕಾರಣ.

ಕಳೆಯುವ ಬದಿಯಲ್ಲಿ ಒಂದು ಹೆಸರು ಬರುತ್ತದೆ, ಅದು ಕಾಫಿ. ದಿನಕ್ಕೆ ಎರಡು ಮೂರು ಕಪ್ ಕುಡಿಯುವವರಲ್ಲಿ ಫೈಬ್ರೋಸಿಸ್, ಸಿರೋಸಿಸ್ ಕಡಿಮೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಗೆ ಇದು ಖುಷಿಯ ಸುದ್ದಿಯೇ. ಆದರೂ ಇದು ಜನರನ್ನು ಗಮನಿಸಿ ಕಂಡುಕೊಂಡ ಸಂಬಂಧ, ಔಷಧಿಯಂತೆ ಕೊಟ್ಟು ಸಾಬೀತುಪಡಿಸಿದ್ದಲ್ಲ. ರಾತ್ರಿಯ ಕ್ವಾರ್ಟರನ್ನು ಬೆಳಗಿನ ಕಾಫಿ ಅಳಿಸುವುದಿಲ್ಲ. ಅಧ್ಯಯನ ನಡೆದದ್ದು ಕಾಫಿಯ ಮೇಲೆ, ಚಿಕೋರಿಯ ಮೇಲಲ್ಲ ಎಂಬುದೂ ನೆನಪಿರಲಿ.

ಮೂರು ಸಂಖ್ಯೆಗಳ ಪರೀಕ್ಷೆ

ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಕೊಡಗಿನವರು ಸಾಮಾನ್ಯವಾಗಿ ಮೈಸೂರಿನದೋ ಮಂಗಳೂರಿನದೋ ಬಸ್ಸು ಹತ್ತುತ್ತಾರೆ. ಬಸ್ಸು ಹತ್ತುವ ಅಗತ್ಯ ಇದೆಯೇ ಎಂದು ತಿಳಿಯಲು ಒಂದು ಸರಳ ಸೂತ್ರವಿದೆ, ಹೆಸರು ಫಿಬ್-4. ವಯಸ್ಸಿನ ಜೊತೆಗೆ ತಾಲೂಕಿನ ಯಾವ ಲ್ಯಾಬಿನಲ್ಲೂ ಸಿಗುವ ಮೂರು ಸಂಖ್ಯೆ ಸಾಕು: ಎಸ್‌ಜಿಒಟಿ, ಎಸ್‌ಜಿಪಿಟಿ (ಲಿವರ್ ಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎರಡು ಕಿಣ್ವಗಳು), ಪ್ಲೇಟ್‌ಲೆಟ್. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಬಂದದ್ದನ್ನು, ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ.

ಉದಾಹರಣೆಗೆ 54 ವರ್ಷದವರೊಬ್ಬರ ಎಸ್‌ಜಿಒಟಿ 64, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.2 ಲಕ್ಷ ಎನ್ನಿ. 54 ಗುಣಿಸು 64, ಅಂದರೆ 3456. ಕೆಳಗೆ 120 ಗುಣಿಸು 7, ಅಂದರೆ 840. ಭಾಗಿಸಿದರೆ 4.1. ಈ ಸಂಖ್ಯೆ 1.3ರ ಒಳಗಿದ್ದರೆ ಗಟ್ಟಿ ಫೈಬ್ರೋಸಿಸ್ ಇರುವ ಸಂಭವ ಕಡಿಮೆ, 2.67 ದಾಟಿದರೆ ಹೆಚ್ಚು. ನಮ್ಮ ಉದಾಹರಣೆಯವರ ರಿಪೋರ್ಟನ್ನು ಬಿಡಿಯಾಗಿ ನೋಡಿದವರು "ಎಸ್‌ಜಿಪಿಟಿ ಸ್ವಲ್ಪ ಜಾಸ್ತಿ, ಅಷ್ಟೇ" ಎಂದುಬಿಡುತ್ತಿದ್ದರು. ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತಿರಬಹುದು ಎಂಬ ಸುಳಿವು ಆ 1.2 ಲಕ್ಷದಲ್ಲಿತ್ತು. ಸಿರೋಸಿಸ್ ಇದ್ದವರಲ್ಲೂ ಎಸ್‌ಜಿಪಿಟಿ ಪೂರ್ತಿ ಸರಿಯಾಗಿಯೇ ಇರಬಹುದು.

ಈ ಸೂತ್ರಕ್ಕೂ ಮಿತಿಗಳಿವೆ. 35ರ ಕೆಳಗಿನವರಲ್ಲಿ ನಂಬುವಂತಿಲ್ಲ, 65 ದಾಟಿದವರಿಗೆ ಕೆಳಗಿನ ಗಡಿಯನ್ನು 2 ಎಂದಿಟ್ಟುಕೊಳ್ಳಬೇಕು. ಡೆಂಗಿಯಂಥ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಲೆಕ್ಕ ಹಾಕಲೇಬಾರದು. ಸಂಖ್ಯೆ ಹೆಚ್ಚು ಬಂದರೆ ಸಿರೋಸಿಸ್ ಎಂದು ತೀರ್ಮಾನಿಸಬೇಕಿಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಅರ್ಥ.

ಸಕ್ಕರೆ ಕಾಯಿಲೆ ಇರುವವರು, ಅಲ್ಟ್ರಾಸೌಂಡಿನಲ್ಲಿ ಫ್ಯಾಟಿ ಲಿವರ್ ಎಂದು ಬರೆಸಿಕೊಂಡು ಬಂದವರು, ವಾರದ ಹೆಚ್ಚಿನ ದಿನ ಕುಡಿಯುವವರು ಇದನ್ನು ವೈದ್ಯರಲ್ಲಿ ಕೇಳಿ ಮಾಡಿಸಬಹುದು. ರಕ್ತ ಕೊಡುವಾಗಲೇ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ, ಅದಕ್ಕೆಂದು ಇನ್ನೊಂದು ಸಲ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ. ಬಿ ಇಲ್ಲವೆಂದು ಬಂದು, ಲಸಿಕೆಯೂ ಆಗಿಲ್ಲವೆಂದಾದರೆ ಅದನ್ನು ಆರು ತಿಂಗಳೊಳಗೆ ಮೂರು ಡೋಸಿನಲ್ಲಿ ಯಾವ ವಯಸ್ಸಿನವರೂ ಹಾಕಿಸಿಕೊಳ್ಳಬಹುದು.